ಮರಿಬಸಪ್ಪನವರ ಕಿವಿ

ಮರಿಬಸಪ್ಪನವರು ಕಿವಿಯನ್ನು ಮುಂದೆ ಬಿಟ್ಟುಕೊಂಡು ನಡೆಯುತ್ತಿದ್ದರು. ತಲೆಯನ್ನು ತುಸು ಬಲಕ್ಕೆ ವಾಲಿಸಿ, ಬೇಸಿಗೆಯಲ್ಲೂ ಕಳಚದ ಮುಚ್ಚುಗೊರಳಿನ ಕರಿಯ ಕೋಟಿನ ಮೇಲೆ ಹತ್ತಿಯ ಎಳೆಗಳನ್ನು ಹೊತ್ತು ಆದೋನಿಯ ಪೇಟೆಯಲ್ಲಿ ಅವರು ಬರುತ್ತಿದ್ದರೆ, ದೂರದಲ್ಲಿ ಯಾರೋ ಕರೆದದ್ದನ್ನು ಆಲಿಸುತ್ತ ಬರುವಂತೆ ಕಾಣುತ್ತಿತ್ತು. ಹತ್ತಿಬೀಜವನ್ನು ಹಲ್ಲಿನಲ್ಲಿ ಒಡೆದು, ಆ ಸದ್ದಿನಿಂದಲೇ ಸರಕಿನ ತೇವವನ್ನು ಹೇಳುವ ಅವರ ತೀರ್ಪಿಗೆ ಹೊಳಗುಂದ, ಕೌತಾಳಂ ಕಡೆಯ ರೈತರು ಎದುರಾಡುತ್ತಿರಲಿಲ್ಲ. ಹತ್ತಿಯಿಂದ ಬೀಜ ಬಿಡಿಸುವ ತಮ್ಮ ಜಿನ್ನಿಂಗ್ ಕಾರ್ಖಾನೆಯ ಗದ್ದಲದಲ್ಲಿ ಇಪ್ಪತ್ತೆಂಟು ವರ್ಷ ನಿಂತು, “ತಡೀರಿ, ವಿನಂಡಿ” ಎಂದು ತೆಲುಗು ಬೆರೆಸಿ ಎಲ್ಲರಿಗೂ ಆಲಿಸಲು ಹೇಳಿ, ಬೆರಳೆತ್ತಿ, ಯಾವ ಯಂತ್ರದ ಯಾವ ಬೇರಿಂಗಿಗೆ ಎಣ್ಣೆ ಆರಿದೆಯೆಂದು ಹೇಳಿದವರು ಅವರು.

ಇಂಥವರಿಗೆ ಸಂಗೀತದ ಹುಚ್ಚು ಹಿಡಿದದ್ದು ಆಶ್ಚರ್ಯವಲ್ಲ. ಐವತ್ತೆಂಟನೆಯ ಇಸವಿಯ ಹೊತ್ತಿಗೆ ರೆಕಾರ್ಡು ತಿರುಗಿಸುವ ಯಂತ್ರವೂ ಆಳೆತ್ತರದ ಸ್ಪೀಕರೂ ಅವರ ನಡುಮನೆಗೆ ಬಂದಾಗಿತ್ತು. ಉಳಿದದ್ದು ಒಂದೇ: ಮುಳ್ಳು ಎತ್ತಿಕೊಡುವ ಕ್ಷೀಣ ದನಿಯನ್ನು ತಿದ್ದಿ, ಬಲಪಡಿಸಿ ಮುಂದೆ ಕಳಿಸುವ ಪ್ರಿಆಂಪ್ಲಿಫೈಯರ್. ರೆಕಾರ್ಡಿನ ದನಿಯನ್ನು ತಿದ್ದುವ ಏರ್ಪಾಡು ಆ ಪೆಟ್ಟಿಗೆಯ ಒಡಲಲ್ಲೇ ಇರಬೇಕು, ಪಕ್ಕಕ್ಕೆ ಇನ್ನೊಂದು ಡಬ್ಬಿ ಜೋಡಿಸಿದರೆ ದನಿ ಕೆಡುತ್ತದೆ ಎಂಬುದು ಅವರ ಹಟ. ಹನ್ನೊಂದು ತಿಂಗಳು ವಿಲಾಯತಿ ಕಂಪನಿಗಳ ಪಟ್ಟಿಗಳನ್ನು ತರಿಸಿದರು. ಮುನಿಸಿಪಲ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನಾನು ಅವನ್ನು ಕನ್ನಡಕ್ಕೆ ಇಳಿಸಿ ಓದಿ ಹೇಳುತ್ತಿದ್ದೆ. ಎಲ್ಲ ಕಂಪನಿಯವರೂ ತಮ್ಮ ಪೆಟ್ಟಿಗೆಯೇ ನಿಶ್ಶಬ್ದ, ಹಾಡಿಗೆ ತನ್ನ ಸದ್ದು ಸೇರಿಸದು ಎಂದು ಹೇಳಿಕೊಂಡಿದ್ದರು. “ನಿಶ್ಶಬ್ದ ಕಾಗದದಾಗ ಕೇಳಸ್ತೈತೇನ್ರಿ ಮಾಸ್ತರ್?” ಎಂದು ನಕ್ಕು, ಕಡೆಗೆ ಮದರಾಸಿನ ಅಂಗಡಿಯೊಂದಕ್ಕೆ ಬರೆಸಿದರು: ಎರಡು ಪೆಟ್ಟಿಗೆ ಕಳಿಸಿ, ಕೇಳಿ ಆರಿಸುತ್ತೇನೆ.

ಕಾರ್ಖಾನೆಗೆ ರಜೆಯಿದ್ದ ಒಂದು ಭಾನುವಾರ ಬೆಳಿಗ್ಗೆ ಅಂಗಡಿಯ ಗೋವಿಂದಪ್ಪ ಎರಡನ್ನೂ ಹೊತ್ತು ರೈಲಿನಿಂದಿಳಿದ. ಒಂದು ಬೂದು ಬಣ್ಣದ್ದು, ಇನ್ನೊಂದು ಕಂಚಿನ ಬಣ್ಣದ್ದು. ಒಂದೇ ತೋಡಿ ರಾಗದ ರೆಕಾರ್ಡನ್ನು ಅದರಲ್ಲೊಮ್ಮೆ, ಇದರಲ್ಲೊಮ್ಮೆ ಹಾಕಿಸುತ್ತ ಮರಿಬಸಪ್ಪನವರು ಕಣ್ಮುಚ್ಚಿ ಕೂತರು. ಆ ವೇಳೆಯಲ್ಲಿ ಆ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಹೆಂಡತಿ ಗುರುಲಿಂಗಮ್ಮ ಒಳಗೆ ಪಾತ್ರೆ ಸಹ ಮುಟ್ಟುತ್ತಿರಲಿಲ್ಲ. ಗಂಟೆ ಕಳೆದ ಮೇಲೆ ಕಣ್ಣು ತೆರೆದು ಕಂಚಿನ ಪೆಟ್ಟಿಗೆಯ ನೆತ್ತಿ ತಟ್ಟಿದರು. “ಇದ್ರಾಗ ದನಿ ತುಂಬಿ ಬರತೈತಿ. ಹಿಂದ ಏನೂ ಗದ್ದಲಿಲ್ಲ.”

ಹಿಂದೆ ಗದ್ದಲವಿತ್ತು. ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಗೋವಿಂದಪ್ಪ ನೆಲ ನೋಡಿದ. ಆ ಕಿವಿಯೆದುರು ನನ್ನ ಕಿವಿಯನ್ನು ನಂಬುವ ಧೈರ್ಯವಿಲ್ಲದೆ ನಾನೂ ಸುಮ್ಮನಾದೆ.

ಚಹಾ ತಂದ ಗುರುಲಿಂಗಮ್ಮ ಬಾಗಿಲಲ್ಲೇ ನಿಂತು ಕೇಳಿದರು: “ಅದ್ರಾಗ ಎಣ್ಣಿ ಕಾಯ್ದಂಗ ಚುರ್ ಅಂತೈತಲ್ರಿ. ನಿಮಗ ಕೇಳಸಲಿಲ್ಲೇನು?”

“ಎಲ್ಲೀ ಚುರ್? ಸುಮ್ನಿರು,” ಎಂದು ಗದರಿಸಿ ಅವರು ನನ್ನತ್ತ ತಿರುಗಿದರು. “ಹೇಳ್ರಿ ಮಾಸ್ತರ್.”

“ಐತ್ರಿ,” ಎಂದೆ.

ಅವರು ರೆಕಾರ್ಡಿನಿಂದ ಮುಳ್ಳನ್ನು ಎತ್ತಿಸಿ, ದನಿಯ ಗುಂಡಿಯನ್ನು ಪೂರ್ತಿ ತಿರುಗಿಸಲು ಹೇಳಿ, ಸ್ಪೀಕರಿನ ಬಟ್ಟೆಗೆ ಕಿವಿ ಹಚ್ಚಿದರು. ಕೋಣೆಯ ತುಂಬ ಚುರುಗುಟ್ಟುತ್ತಿದ್ದ ಸದ್ದನ್ನು ನಾವು ಮೂವರೂ ಕೇಳುತ್ತಿದ್ದೆವು. ಅವರು ಮಾತ್ರ ಇನ್ನೂ ಹುಡುಕುತ್ತಿದ್ದರು. ಎಡಗಿವಿ ಬಿಟ್ಟು ಬಲಗಿವಿ ಹಚ್ಚಿದರು. ಬಳಿಕ ಹೆಂಡತಿಯನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಗೋವಿಂದಪ್ಪನಿಂದ ಪೆಟ್ಟಿಗೆಗಳನ್ನು ಅದಲುಬದಲು ಮಾಡಿಸಿದರು. ಆರು ಸಲವೂ ಆಕೆ ಬರಿಯ ಆ ಸದ್ದಿನಿಂದಲೇ ಯಾವ ಪೆಟ್ಟಿಗೆಯೆಂದು ತಪ್ಪದೆ ಹೇಳಿದರು. ಆಮೇಲೆ ತಾವೇ ಗೋಡೆಗೆ ಮುಖ ಮಾಡಿ ನಿಂತರು. ಆರರಲ್ಲಿ ನಾಲ್ಕು ತಪ್ಪಿದವು.

“ನಿನಗ ಯಾವಾಗಿಂದ ಗೊತ್ತಿತ್ತು?” ಗೋಡೆಯಿಂದ ತಿರುಗದೆ ಕೇಳಿದರು.

“ಎರಡು ವರ್ಷಾತು. ಹಿಂದಿಂದ ಕರದ್ರ ನೀವು ಹೊಳ್ಳಿ ನೋಡ್ತಿದ್ದಿಲ್ಲ. ನೊಂದ್ಕೋತೀರಂತ ಸುಮ್ನಿದ್ದೆ.”

ಕಾರ್ಖಾನೆಯ ಯಂತ್ರಗಳು ಅಷ್ಟು ವರ್ಷ ತಮಗೆ ತಿಳಿಯದಂತೆ ತೆಗೆದುಕೊಂಡದ್ದು ಏನೆಂದು ಆ ಗಳಿಗೆಯಲ್ಲಿ ಅವರಿಗೆ ಅರಿವಾಗಿರಬೇಕು. ನಾನು ಸಿಟ್ಟನ್ನು ನಿರೀಕ್ಷಿಸಿದ್ದೆ. ಮರಿಬಸಪ್ಪನವರು ಬಂದು, ತಾವು ಕೂರುವ ಬೆತ್ತದ ಕುರ್ಚಿಯನ್ನು ಧೋತರದ ಅಂಚಿನಿಂದ ಒರೆಸಿದರು. “ಇಲ್ಲಿ ಕುಂದ್ರು. ನೀ ಆರಿಸು.”

“ನಾನೇನು ಬಲ್ಲೆ ಬಿಡ್ರಿ!”

“ನಿನಗ ಕೇಳಸ್ತೈತಿ. ಅಷ್ಟು ಸಾಕು.”

ಮದುವೆಯಾದ ಮೂವತ್ತು ವರ್ಷಗಳಲ್ಲಿ ಗುರುಲಿಂಗಮ್ಮ ರೆಕಾರ್ಡಿನೆದುರು ಕೂತು ಕೇಳಿದ್ದು ಅಂದೇ ಮೊದಲು. ಸೆರಗನ್ನು ಬಿಗಿಹಿಡಿದು, ತೋಡಿಯ ಎರಡೂ ಬದಿ ಪೂರ್ತಿ ಕೇಳಿ, ಬೂದು ಪೆಟ್ಟಿಗೆಯನ್ನು ತೋರಿಸಿದರು. ಅದೇ ಉಳಿಯಿತು. ತಮಗೇನೋ ಅಂದು ಕೊನೆಯವರೆಗೂ ಕಂಚಿನದೇ ಹೆಚ್ಚು ಇಂಪಾಗಿತ್ತೆಂದು ಮರಿಬಸಪ್ಪನವರು ಮುಂದೊಮ್ಮೆ ನನ್ನೆದುರು ಒಪ್ಪಿಕೊಂಡರು.

ಮರುದಿನವೇ ಕಾರ್ಖಾನೆಯಲ್ಲಿ ಹಳೆಯ ಕೆಲಸಗಾರ ಬಜಾರಪ್ಪನನ್ನು ಎಲ್ಲರೆದುರು ಕರೆದು, “ನನ್ನ ಕಿವಿ ಹೋಗೇತಪ್ಪ, ಇನ್ನ ಬೇರಿಂಗು ನೀ ಕೇಳು,” ಎಂದರಂತೆ. ಪೇಟೆಯಲ್ಲಿ ಕೆಲವರು ನಕ್ಕರು. ನಗಲಿ ಬಿಡಿ. ಸಂಜೆ ನಾನು ಹೋದಾಗಲೆಲ್ಲ ನಡುಮನೆಯಲ್ಲಿ ಎರಡು ಕುರ್ಚಿಗಳಿರುತ್ತಿದ್ದವು. ತಂಬೂರಿಯ ನಾದ ಸಣ್ಣಗಾದಾಗ ಆಕೆ ಅವರ ಮುಂಗೈ ಮುಟ್ಟಿ, “ಇನ್ನೂ ಐತ್ರಿ,” ಎನ್ನುತ್ತಿದ್ದರು.

ರಸಿಕರೆನಿಸಿಕೊಂಡ ನಾವು ಬಹುಮಟ್ಟಿಗೆ ಪ್ರೀತಿಸುವುದು ನಮ್ಮ ರುಚಿಯನ್ನು. ಅದು ಕೈಕೊಟ್ಟ ದಿನ ಲೋಕದಲ್ಲಿ ಒಳ್ಳೆಯದೇ ಮುಗಿದುಹೋಯಿತೆಂದು ಗೊಣಗುತ್ತೇವೆ. ತಮಗೆ ದಕ್ಕದ ಶುದ್ಧಿಯನ್ನು ಬಲ್ಲವರ ಮಾತಿನ ಮೇಲೆ ನಂಬಿ, ಅದನ್ನು ಮನೆಗೆ ತಂದು ಅದರ ಪಕ್ಕದಲ್ಲಿ ಕೂರುವವರು ಅಪರೂಪ. ಅಂಥವರಿದ್ದ ಮನೆಯಲ್ಲಿ ಸಂಗೀತ ತುಸು ಹೆಚ್ಚು ಹೊತ್ತು ನಿಲ್ಲುತ್ತದೆ.