ಗೋಡೆ ಕಿತ್ತ ಊರು

“ನಾನು ಹೋಗಿ ನಿಂತಿದ್ದೇ ತಡ, ಅವರ ಕೋಟೆ ಬಾಗಿಲು ತಾನಾಗೇ ಬಿದ್ದೋಯ್ತು ಅಕ್ಕ. ನಮ್ಮ ಆನೆ ಇನ್ನೂ ಸೊಂಡಿಲು ಎತ್ತಿರ್ಲಿಲ್ಲ. ಬರೀ ಸೀನಿತ್ತು, ಅಷ್ಟೆ.”

ಹರಳೆಣ್ಣೆ ಕೈಯನ್ನು ಮೇಲೆತ್ತಿ ಆನೆ ಸೀನಿದ ಬಗೆಯನ್ನು ದುರ್ಗಮ್ಮ ತೋರಿಸಿದಳು. ಎರಡು ಹನಿ ಗೋಡೆಯ ಕ್ಯಾಲೆಂಡರಿಗೆ ಹಾರಿದವು. ಅವಳ ಮುಂದೆ ಮಂಚದ ಮೇಲೆ ಕೂತಿದ್ದ ಓರಗಿತ್ತಿ ಕಲ್ಲಮ್ಮ ತಲೆ ಒಡ್ಡಿದ್ದಳು. ನಲ್ಲಿ ಕಟ್ಟೆಯಲ್ಲಿ ಜಾರಿ ಬಿದ್ದು ಕಲ್ಲಮ್ಮನ ಕಾಲು ಮುರಿದಾಗಿನಿಂದ ಪ್ರತಿ ಭಾನುವಾರ ಇದೇ ಪದ್ಧತಿ. ಶಿವಮೊಗ್ಗ ಬಸ್‌ಸ್ಟ್ಯಾಂಡಿನ ಪಕ್ಕದ ಇಡ್ಲಿ ಗಾಡಿಗೆ ರಜ ಹಾಕಿ ದುರ್ಗಮ್ಮ ಭದ್ರಾವತಿಗೆ ಬರುವಳು, ಅಕ್ಕನ ತಲೆಗೆ ಎಣ್ಣೆ ಹಚ್ಚಿ, ನೀರು ಹಾಕಿ, ಜಡೆ ಹೆಣೆದು ಹೋಗುವಳು. ಎಣ್ಣೆಯ ಜೊತೆಗೆ ಕಥೆ ಪುಕ್ಕಟೆ.

ಈಚೆಗೆ ಕಥೆಗಳೆಲ್ಲ ಮೊಬೈಲಿನ ಆಟದವು. ಕಲ್ಲಮ್ಮನ ಮಗಳು ಲಿಖಿತಾಳೇ ಅದನ್ನು ಚಿಕ್ಕಮ್ಮನ ಫೋನಿಗೆ ಹಾಕಿಕೊಟ್ಟಿದ್ದಳು. ಆಟದಲ್ಲಿ ಪ್ರತಿಯೊಬ್ಬರಿಗೂ ಒಂದು ಊರು. ಮನೆ, ಕಣಜ, ಬಾವಿ ಕಟ್ಟಿಕೊಳ್ಳಬೇಕು, ಸುತ್ತ ಗೋಡೆ ಹಾಕಿಕೊಳ್ಳಬೇಕು, ಆಮೇಲೆ ಅಕ್ಕಪಕ್ಕದವರ ಊರಿಗೆ ಸೈನ್ಯ ಕಳಿಸಿ ದೋಚಬೇಕು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ದುರ್ಗಮ್ಮ ಎಷ್ಟು ಊರು ದೋಚಿದ್ದಳೆಂದರೆ, ಅವಳು ಫೋನ್ ಕೈಗೆತ್ತಿಕೊಂಡರೆ ಪಕ್ಕದ ಪಾನಿಪುರಿಯವನು ತನ್ನ ಗಾಡಿಗೂ ಪರದೆ ಇಳಿಸುತ್ತಿದ್ದ. ಊರುಗಳ ಹೆಸರೆಲ್ಲ ಇಂಗ್ಲಿಷಿನಲ್ಲಿ ಇರುತ್ತಿದ್ದವು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ದೋಚಲಿಕ್ಕೆ ಹೆಸರು ಯಾಕೆ ಬೇಕು?

“ಯಾರೋ ಪೆದ್ದಿ ಇರ್ಬೇಕಕ್ಕ. ಗೋಡೆ ಹಾಕೋ ದುಡ್ಡಲ್ಲಿ ಹೂವಿನ ಗಿಡ ನೆಟ್ಕೊಂಡು ಕೂತಿದಾಳೆ.”

“ಚಿಕ್ಕಮ್ಮ, ಸಾಕು ಬಿಡು,” ಎಂದಳು ಬಾಗಿಲಲ್ಲಿ ನಿಂತಿದ್ದ ಲಿಖಿತಾ.

“ಹೇಳ್ಲಿ ಬಿಡೇ,” ಎಂದಳು ಕಲ್ಲಮ್ಮ.

“ಕಣಜ ಗುಡಿಸಿ ಬಾಚ್ಕೊಂಡೆ. ನಡುವೆ ಒಂದು ಬಾವಿ ಇತ್ತು ನೋಡು, ಸುತ್ತ ಕಲ್ಲಿನ ಕಟ್ಟೆ, ಮೇಲೊಂದು ಕೊಡ. ಆ ಕೊಡಾನೂ ಬಿಡ್ಲಿಲ್ಲ.”

“ಬಾವೀನೂ ಒಡೆದ್ಯಾ?”

“ಯುದ್ಧ ಅಂದ್ಮೇಲೆ ಬಾವಿಗೆ ಪೂಜೆ ಮಾಡಿ ಬರ್ತಾರಾ?”

ಕಲ್ಲಮ್ಮ ದಿಂಬಿನ ಕೆಳಗೆ ಕೈಹಾಕಿ ತನ್ನ ಫೋನ್ ತೆಗೆದು ಹಿಂದಕ್ಕೆ ಹಿಡಿದಳು. ಸುಟ್ಟ ಮನೆಗಳು, ತುಳಿದು ಹಾಳಾದ ಹೂವಿನ ಪಾತಿ, ನಡುವೆ ಕಲ್ಲು ಚೆದುರಿದ ಬಾವಿ. ಬಾವಿಯ ಮೇಲೆ ಗೆದ್ದವರು ನೆಟ್ಟ ಬಾವುಟ. ಬಾವುಟದಲ್ಲಿ ಹುಲಿ. ಆ ಹುಲಿಯನ್ನು ದುರ್ಗಮ್ಮ ತಾನೇ ಹುಡುಕಿ ತನ್ನ ಬಾವುಟಕ್ಕೆ ಆರಿಸಿಕೊಂಡಿದ್ದಳು.

ಎಣ್ಣೆ ತಟ್ಟುತ್ತಿದ್ದ ಕೈ ನಿಂತಿತು.

“ನೀನೂ ಆಡ್ತೀಯಾ? ಅಲ್ಲ ಕಣೇ ಲಿಖಿತಾ, ಮೊದ್ಲೇ ಹೇಳೋದಲ್ವಾ?”

“ನಿಂಗೆ ಗೊತ್ತಾದ್ರೆ ಆಡ್ಕೊಂಡು ನಗ್ತೀಯ ಅಂತ ಅಮ್ಮ ಹೇಳೋಕೆ ಬಿಟ್ಟಿರ್ಲಿಲ್ಲ. ಹುಲಿ ನೋಡಿದ್ಮೇಲೆ, ಅವಳು ಬರ್ಲಿ, ಅವಳ ಬಾಯಲ್ಲೇ ಕೇಳ್ತೀನಿ ಅಂದ್ಲು.”

“ಕೇಳಿದ್ದಾಯ್ತು,” ಎಂದಳು ಕಲ್ಲಮ್ಮ. “ಚೆನ್ನಾಗಿತ್ತು. ಆನೆ ಸೀನಿದ್ದು ನಂಗೆ ಗೊತ್ತಿರ್ಲಿಲ್ಲ.”

“ಆಟ ಅಲ್ವಾ ಅಕ್ಕ.”

“ನಿಂಗೆ ಆಟ. ದಿನಾ ಬೆಳಗಾದ್ರೆ ಬಸ್‌ಸ್ಟ್ಯಾಂಡ್ ತುಂಬ ಜನ ನೋಡ್ತೀಯ. ನಾನು ಹೂವಿನ ಬುಟ್ಟಿ ಹೊತ್ತು ಊರೆಲ್ಲ ತಿರುಗ್ತಿದ್ದೋಳು, ಈಗ ಈ ಸೂರಿನ ಶೀಟು ನೋಡ್ಕೊಂಡು ಬಿದ್ದಿದೀನಿ. ಎದ್ದ ಕೂಡ್ಲೆ ಆ ಬಾವಿ ಹತ್ರ ಹೋಗಿ ಒಂದು ಕೊಡ ನೀರು ಸೇದ್ತಿದ್ದೆ.” ಅವಳು ಕೂದಲನ್ನು ದುರ್ಗಮ್ಮನ ಕೈಯಿಂದ ಬಿಡಿಸಿಕೊಂಡು ಮುಂದಕ್ಕೆಳೆದುಕೊಂಡಳು. “ಜಡೆ ನಾನೇ ಹಾಕ್ಕೋತೀನಿ. ಬರೋ ಭಾನುವಾರ ಸುಮ್ನೆ ಬಸ್ಸಲ್ಲಿ ಕುಲುಕಾಡ್ಕೊಂಡು ಬರ್ಬೇಡ.”

ಜಗಲಿಗೆ ಬಂದ ದುರ್ಗಮ್ಮ ಸೆರಗಿಗೆ ಕೈ ಒರೆಸಿ ಫೋನನ್ನು ಲಿಖಿತಾಳ ಮುಂದೆ ಹಿಡಿದಳು. “ಎಲ್ಲಿ ಒತ್ಬೇಕು ಹೇಳು. ಎಲ್ಲಾ ವಾಪಸ್ ಕೊಟ್ಬಿಡ್ತೀನಿ.”

“ಈ ಆಟದಲ್ಲಿ ಕೊಡೋದಿಲ್ಲ ಚಿಕ್ಕಮ್ಮ. ಕಿತ್ಕೊಳ್ಳೋದು ಒಂದೇ.”

“ಎಂಥಾ ದರಿದ್ರ ಊರು ಮಾರಾಯ್ತಿ ಇದು.”

“ಅಮ್ಮ ಬೇಕಾದ್ರೆ ನಿನ್ನ ಮೇಲೆ ಸೇಡು ತೀರಿಸ್ಕೋಬಹುದು. ಅದಕ್ಕೆ ಬಟನ್ ಇದೆ. ಆದ್ರೆ ನಿನ್ನ ಗೋಡೆ ದಾಟೋಕೆ ಅವಳ ಹತ್ರ ಸೈನ್ಯ ಎಲ್ಲಿದೆ? ನೀನೇ ಮುಗಿಸಿದೀಯಲ್ಲ.”

ದುರ್ಗಮ್ಮ ಜಗಲಿಯ ಅಂಚಿನಲ್ಲಿ ಕೂತು ತನ್ನ ಕೋಟೆಗೋಡೆಯನ್ನು ಫೋನಿನಲ್ಲಿ ಒಂದು ಸುತ್ತು ನೋಡಿದಳು. ಆಮೇಲೆ, ನಾಳೆ ಬೆಳಗ್ಗೆ ತುಂಗೆಯನ್ನೇ ಬೇರೆ ಕಡೆಗೆ ತಿರುಗಿಸುತ್ತೇನೆ ಎನ್ನುವವಳ ಹಾಗೆ ಸೀರೆ ಕೊಡವಿ ಎದ್ದಳು.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಥೆ ಹೇಳಲಿಲ್ಲ. ಕಂಡಕ್ಟರ್ ಬೀರಪ್ಪ ದಿನಾ ಅವಳ ಗಾಡಿಯಲ್ಲೇ ತಿಂಡಿ ತಿನ್ನುವವನು. ಅವನಿಗೆ ಗಾಬರಿಯಾಯಿತು.

“ಏನ್ ದುರ್ಗಕ್ಕ, ಇವತ್ತು ಯಾವ ಊರು ಸೂರೆ?”

“ನಂದೇ.”

ಅವಳು ಬೆರಳಿನಿಂದ ತನ್ನ ಕೋಟೆಗೋಡೆಯನ್ನು ಒಂದೊಂದೇ ತುಂಡಾಗಿ ಕೀಳುತ್ತಿದ್ದಳು. ಪ್ರತಿ ತುಂಡಿಗೂ ಫೋನ್ ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು, ಅವಳು ಹೂಂ ಎಂದು ಒತ್ತುತ್ತಿದ್ದಳು. ಫಿರಂಗಿಗಳ ಮೂತಿಯನ್ನೆಲ್ಲ ಕಾಡಿನ ಕಡೆಗೆ ತಿರುಗಿಸಿದಳು.

“ಹುಷಾರಾಗಿದೀಯಾ ತಾನೆ? ಕಂಡ ಕಂಡೋರೆಲ್ಲ ನುಗ್ತಾರಲ್ಲ.”

“ನೀನು ಟಿಕೆಟ್ ಹರಿ.”

ಬಸ್ಸಿಳಿದು ಅಕ್ಕನಿಗೆ ವಾಯ್ಸ್ ಮೆಸೇಜ್ ಕಳಿಸಿದಳು: “ಗೋಡೆ ಕಿತ್ತಿದೀನಿ. ಬಾ.”

ಉತ್ತರ ಬೇಗ ಬಂತು. “ನಿನ್ನ ದಾನ ನಂಗೆ ಬೇಡ.”

“ದಾನ ಯಾರು ಕೊಟ್ರು? ಮುಯ್ಯಿ ಇದು. ಲಿಖಿತಂಗೆ ಕಿವಿ ಚುಚ್ಚಿಸ್ದಾಗ ನಾನು ಸೀರೆ ಓದ್ಸಿದ್ದೆ. ಮರುವರ್ಷ ನಮ್ಮ ಹೊಸ ಮನೆ ಒಕ್ಕಲಿಗೆ ನೀನು ಸೀರೆ ತಂದು ಮುಯ್ಯಿ ಮಾಡ್ದೆ. ನಾನು ಬೇಡ ಅಂದ್ನಾ? ಆ ಹಸಿರು ಬಣ್ಣ ನೋಡಿದ್ರೆ ಅನ್ಬಹುದಿತ್ತು.”

ಸೋಮವಾರ ಯಾರೋ ಪರವೂರಿನವರು ನುಗ್ಗಿ ಕುರಿಗಳನ್ನು ಹೊಡೆದುಕೊಂಡು ಹೋದರು. ಬುಧವಾರ ಅರ್ಧ ಕಣಜ ಹೋಯಿತು. ದುರ್ಗಮ್ಮ ಗೋಡೆ ಕಟ್ಟಲಿಲ್ಲ. ಸಾಂಬಾರಿಗೆ ಮಾತ್ರ ಎರಡು ಸಲ ಉಪ್ಪು ಬಿದ್ದಿತು.

ಶುಕ್ರವಾರ ಬೆಳಗ್ಗೆ ಅವಳ ಎರಡೂ ಕೈ ಇಡ್ಲಿ ಹಿಟ್ಟಿನಲ್ಲಿದ್ದಾಗ ಗಾಡಿಯ ಮೇಲಿಟ್ಟ ಫೋನ್ ನಡುಗಿತು. ತಿಂಡಿಗೆ ಬಂದಿದ್ದ ಬೀರಪ್ಪ ಇಣುಕಿದ.

“ದುರ್ಗಕ್ಕ, ದಾಳಿ. ಏಳೆಂಟು ಜನ ಕಾಲಾಳು, ಅಷ್ಟೆ. ಹೂವಿನ ಬುಟ್ಟಿ ಇರೋ ಬಾವುಟ. ಒಂದು ಫಿರಂಗಿ ತಿರುಗಿಸ್ಲಾ? ಚಟ್ನಿ ಆಗೋಗ್ತಾರೆ.”

“ಮುಟ್ಟಿದ್ರೆ ನಿನ್ನೇ ಚಟ್ನಿ ಮಾಡ್ತೀನಿ.”

ಏಳೆಂಟು ಜನ ಮನೆಯಿಂದ ಮನೆಗೆ ನಿಧಾನವಾಗಿ ಹೋದರು. ಯಾವುದನ್ನೂ ಅವಸರದಿಂದ ಒಡೆಯಲಿಲ್ಲ. ಉಳಿದಿದ್ದ ಕಾಳು, ಚಿನ್ನ, ಕೊನೆಗೆ ಆನೆ. ದುರ್ಗಮ್ಮ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನೋಡಿದಳು.

“ಹೋಯ್ತಲ್ಲಕ್ಕ, ಎಲ್ಲಾ. ಏಳೆಂಟು ಜನಕ್ಕೆ.”

“ಏಳೆಂಟಾ? ನಿನ್ನ ಕಣ್ಣಿಗೆ ಪೊರೆ ಬಂದಿದೆ ಬೀರಪ್ಪ.” ಅವಳ ಧ್ವನಿ ಏರಿತು. ಕಾಫಿ ಕುಡಿಯುತ್ತಿದ್ದವರು ಇತ್ತ ತಿರುಗಿದರು. “ಹತ್ತು ಸಾವಿರ ಕುದುರೆ ಬಂದ್ವು. ಆ ಧೂಳಿಗೆ ತುಂಗೆ ಸೇತುವೆ ಕಾಣ್ತಿರ್ಲಿಲ್ಲ. ಮುಂದ್ಗಡೆ ಅವರ ರಾಣಿ, ಭದ್ರಾವತಿಯೋಳು. ಅವಳ ಜಡೆ ಬೀಸಿದ ಗಾಳಿಗೇ ನನ್ನ ಗೋಡೆ ಬಿದ್ದೋಯ್ತು ಅಂದ್ರೆ ನೀವು ನಂಬಲ್ಲ. ನಾನು ಹೋರಾಡಿದೆ. ಹೋರಾಡ್ದೆ ಬಿಡ್ತೀನಾ? ಆದ್ರೆ ಅಂಥೋಳ ಮುಂದೆ ಯಾರು ನಿಲ್ತಾರೆ. ಭಾನುವಾರ ಮೊದಲ್ನೇ ಬಸ್ ನಿಂದೇ ತಾನೆ?”

“ನಂದೇ.”

“ಮುಂದಿನ ಸೀಟು ಹಿಡಿದಿಡು.”

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಹಬೆ ಎದ್ದು ಫೋನಿನ ಗಾಜು ಮಸುಕಾಯಿತು. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ಬಯಲಾದ ಊರಿನ ನಡುವೆ ಅವಳ ಬಾವಿ ಮಾತ್ರ ಹಾಗೇ ನಿಂತಿತ್ತು. ಕಟ್ಟೆಯ ಮೇಲೆ ಕೊಡ ಇತ್ತು, ಕಂಠದವರೆಗೆ ನೀರು.