ಕೊಳೆ ಬಿಡಿಸದ ಮಣ್ಣು

ಕಾಲುವೆ ಕಡೆಯ ಬಟ್ಟೆ ಬಡಿಯುವ ಸಪ್ಪಳ ನಿಂತೇಹೋಗಿದೆ, ಯಾಕೆ ನಿಂತಿತು, ಅಗಸರ ಸಣ್ಣಕ್ಕ ಒಗೆಯುವ ಕಲ್ಲಿನ ಮುಂದೆ ನಿಂತರೆ ಮಧ್ಯಾಹ್ನದ ತನಕ ಕೈ ಬಿಡುವವಳಲ್ಲ, ಬದುವಿನ ಮೇಲೆ ಕೂತ ಉಚ್ಚಂಗಮ್ಮ ನಾಲಿಗೆಯ ಮೇಲೆ ಒಂದು ಚಿಟಿಕೆ ಮಣ್ಣು ಇಟ್ಟುಕೊಂಡು ಉಗುಳುವುದನ್ನೇ ಮರೆತಿದ್ದಾಳೆ — ಸಪ್ಪೆ, ಸಪ್ಪೆಯೇ ತಾನೇ, ಚೌಳಿನ ಉಪ್ಪು ತಾಗುತ್ತಿಲ್ಲ, ಬೆಳಿಗ್ಗೆ ತಿಂದ ಬೆಲ್ಲ ಇನ್ನೂ ಬಾಯಲ್ಲಿದೆಯೋ ಏನೋ, ಈ ಎರಡೆಕರೆಯನ್ನು ಐದು ವರ್ಷ ನೆಕ್ಕಿ ನೆಕ್ಕಿ ಅರ್ಧ ಸೇರು ಮಣ್ಣಾದರೂ ಅವಳ ಹೊಟ್ಟೆ ಸೇರಿರಬೇಕು, ನಿನ್ನ ನಾಲಿಗಿ ನೀ ಹೇಳ್ದಂಗ ಕೇಳ್ತೈತಿ, ನಾ ನಂಬಂಗಿಲ್ಲ, ಅನ್ನುತ್ತಾನೆ ಗಂಡ ಜಂಬಯ್ಯ, ನಾಳೆ ಬೆಳಿಗ್ಗೆ ಅವನ ತಮ್ಮ ಹರೀಶ ಜೆಸಿಬಿ ತಂದು ಹೊಲ ಅಗೆಸಿ ಮೀನಿನ ಹೊಂಡ ಮಾಡುತ್ತಾನಂತೆ, ಚೌಳು ನೆಲಕ್ಕೆ ಬುದ್ಧಿ ಹೇಳಿದರೆ ಬರುತ್ತದೆಯೇ ಎಂದು ಅಣ್ಣತಮ್ಮ ಮಾತಾಡಿ ಮುಗಿಸಿದ್ದಾರೆ, ಬಂದಿದೆ ಎನ್ನಲು ಅವಳಿಗಿರುವ ಸಾಕ್ಷಿ ಈ ನಾಲಿಗೆಯೊಂದೇ, ನಂಬದವರಿಗೆ ಹೇಗೆ ತೋರಿಸುವುದು. ಮೊದಲ ವರ್ಷ ಇಲ್ಲಿ ಕಾಲಿಟ್ಟರೆ ಹಿಮ್ಮಡಿ ಬಿರಿಯುತ್ತಿತ್ತು, ಹಿಟ್ಟು ಚೆಲ್ಲಿದ ಹಾಗೆ ಬಿಳುಪು, ಮಳೆ ನೀರು ವಾರಗಟ್ಟಲೆ ನಿಂತು ಸೋಪಿನ ಹಾಗೆ ಜಾರುತ್ತಿತ್ತು, ಆಮೇಲೆ ಜಿಪ್ಸಮ್ ಎರಚಿದ್ದು, ಕಾಲುವೆ ನೀರು ಕಟ್ಟಿದ್ದು, ಬಸಿಗಾಲುವೆ ತೋಡಿ ಬಿಟ್ಟಿದ್ದು, ಮತ್ತೆ ಕಟ್ಟಿದ್ದು, ಸೊಂಟದುದ್ದ ಬೆಳೆಸಿದ ಜೀಲುಗವೆಂಬ ಹಸಿರುಗೊಬ್ಬರದ ಗಿಡವನ್ನು ಹಾಗೇ ತುಳಿದು ಕೊಳೆಸಿದ್ದು, ನೆಲಕ್ಕ ಸೊಪ್ಪಿನ ಸಾರು ಮಾಡಿ ಉಣ್ಣಿಸ್ತಾಳ ಎಂದು ಜಂಬಯ್ಯ ಊರೆಲ್ಲ ಸಾರಿ ನಕ್ಕಿದ್ದ, ನಗಲಿ, ಈಗ ಸಂಜೆ ನಿಂತ ನೀರು ಬೆಳಗಾಗುವಷ್ಟರಲ್ಲಿ ಇಂಗುತ್ತದೆ, ಹೆಂಟೆ ಹಿಸುಕಿದರೆ ಪುಡಿಯಾಗುತ್ತದೆ, ಮೊನ್ನೆ ಎರೆಹುಳ ಕಂಡು ನೆಂಟರು ಬಂದಷ್ಟು ಹಿಗ್ಗಿದ್ದಳು, ಒಂದು ಹುಳಕ್ಕ ಇಷ್ಟು ಸಂಭ್ರಮ ಯಾಕ ಎಂದು ಅವನು ಅದನ್ನೂ ತಳ್ಳಿಹಾಕಿದ.

ಅದೋ ಸಣ್ಣಕ್ಕ ಬಂದೇಬಿಟ್ಟಳು, ಮೊಳಕಾಲ ತನಕ ಒದ್ದೆ, ಕಂಕುಳಲ್ಲಿ ಮಣ್ಣಿನ ಬುಟ್ಟಿ, ಕೈಯಲ್ಲಿ ಜಂಬಯ್ಯನ ಪಂಚೆ — ಉಚ್ಚಂಗಮ್ಮನ ಅತ್ತೆಯ ಕಾಲದಿಂದ ಸಣ್ಣಕ್ಕನ ಮನೆಯವರು ಬಟ್ಟೆ ಒಗೆಯಲು ಈ ಹೊಲದ ಚೌಳನ್ನೇ ಕೆರೆದು ಒಯ್ಯುತ್ತಿದ್ದರು, ಬೆಳೆ ಕೊಡದ ನೆಲ ಊರಿನ ಕೊಳೆಯನ್ನಾದರೂ ತೆಗೆಯುತ್ತಿತ್ತು, ಸೋಪಿನ ಪುಡಿ ಕಂಡರಾಗದ ಜಂಬಯ್ಯ ಪಂಚೆಯನ್ನು ಇವತ್ತಿಗೂ ಅವಳ ಕೈಗೇ ಕೊಡುತ್ತಾನೆ — ಉಚ್ಚಂಗಕ್ಕಾ, ಏನ್ ಮಾಡೀರಿ ಈ ಮಣ್ಣಿಗೆ, ಎಷ್ಟು ತಿಕ್ಕಿದ್ರೂ ಅರಿಶಿಣದ ಕಲಿ ಕೆಂಪಾಗವಲ್ದು. ಕೆಂಪಾಗಲಿಲ್ಲವೇ, ಶನಿವಾರ ನೇಮಕಲ್ಲಿನ ಆಂಜನೇಯನ ಗುಡಿಯಲ್ಲಿ ಬೇಳೆಯ ಪಪ್ಪು ಬಡಿಸಿಕೊಳ್ಳುವಾಗ ಜಂಬಯ್ಯ ಚೆಲ್ಲಿಕೊಂಡ ಕಲೆ, ಚೌಳು ತಾಗಿದರೆ ಅರಿಶಿನ ಕುಂಕುಮದ ಬಣ್ಣಕ್ಕೆ ತಿರುಗಲೇಬೇಕು, ಬೆಳುಗುಪ್ಪದ ಕರಿ ನೆಲದಿಂದ ಹೊಸ ಸೊಸೆಯಾಗಿ ಬಂದಾಗ ಉಚ್ಚಂಗಮ್ಮ ಅರಿಶಿನ ಮೆತ್ತಿದ ಮದುವೆ ಸೀರೆ ಈ ಮಣ್ಣಿನಲ್ಲಿ ಕೆಂಪಾದದ್ದು ಕಂಡು ರಕ್ತವೆಂದು ಅತ್ತಿದ್ದಳು, ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಈಗ ಅಳುವುದೋ ನಗುವುದೋ, ಎರಡೂ ಒಟ್ಟಿಗೇ ಬರುತ್ತಿವೆ, ಬೇವಿನ ನೆರಳಿನಿಂದ ಜಂಬಯ್ಯ ಎದ್ದು ಬಂದ, ಅಂಚಿನ ಮಣ್ಣು ತಂದಿರಬೇಕು ಎಂದು ಗೊಣಗುತ್ತ ನಟ್ಟನಡುವೆ, ಹಿಂದೆ ಹುಲ್ಲೂ ಹುಟ್ಟದಿದ್ದ ಕಡೆಯಿಂದ ತಾನೇ ಬೊಗಸೆ ತುಂಬಿಕೊಂಡ, ತಾನೇ ನೀರು ಹಾಕಿದ, ತನ್ನ ಪಂಚೆಯನ್ನು ತಾನೇ ತಿಕ್ಕುತ್ತಿದ್ದಾನೆ, ಜೀವಮಾನದಲ್ಲಿ ಒಂದು ಕರವಸ್ತ್ರ ಒಗೆಯದ ಮನುಷ್ಯ, ನಾನಿನ್ನು ಯಾತರಾಗ ಒಗೀಲಿ ಎನ್ನುತ್ತಿದ್ದಾಳೆ ಸಣ್ಣಕ್ಕ, ಸೋಪಿನ ಪುಡಿ ತಂದು ಕೊಡುತ್ತೇನೆ ತಾಯಿ, ಮೊದಲ ಭತ್ತವೂ ನಿನಗೇ, ಎಂದುಕೊಳ್ಳುತ್ತಾಳೆ ಉಚ್ಚಂಗಮ್ಮ, ಜಂಬಯ್ಯನ ಕೈ ನಿಧಾನವಾಗುತ್ತಿದೆ, ನೀರು ಹಾಕಿ ತೊಳೆದ, ಬಿಸಿಲಿಗೆ ಹಿಡಿದ, ಹೆಂಡತಿಯ ಮುಖ ನೋಡದೆಯೇ ಜೇಬಿನಿಂದ ಫೋನು ತೆಗೆದ, ಹರೀಶಾ, ಗಾಡಿ ತರಬ್ಯಾಡಪ, ನೆಲಕ್ಕ ಬುದ್ಧಿ ಬಂದೈತಿ, ಫೋನಿನಲ್ಲಿ ಹರೀಶ ಏನೋ ಕೇಳುತ್ತಿದ್ದಾನೆ, ಉಚ್ಚಂಗಮ್ಮನಿಗೆ ಯಾವುದೂ ಕೇಳುತ್ತಿಲ್ಲ, ಕಣ್ಣ ಮುಂದೆ ಅವನ ಒದ್ದೆ ಪಂಚೆ, ಬೆರಳಗಲದ ಕಲೆ, ಹಳದಿ, ಇನ್ನೂ ಹಳದಿ —