ಕೊಡ್ಲಿಯ ಭಜನೆಯವರ ಚಿತ್ರ

ನಾನು ಬಿಡಿಸಿದ ಹಾಡುಗಾರರಿಗೆ ಕೊರಳಿನ ನರ ಇರುತ್ತಿರಲಿಲ್ಲ. ಎಲ್ಲ ಮೊಬೈಲಿನ ಫೋಟೋ ನೋಡಿ ಬಿಡಿಸಿದವು. "ಇವರು ಹಾಡಾಕತ್ತಿಲ್ಲ, ಆಕಳಸಾಕತ್ತಾರ," ಎಂದು ಚಿತ್ರಕಲಾ ಕಾಲೇಜಿನ ಸರ್ ಎಲ್ಲರ ಮುಂದೆ ನಕ್ಕರು. ಕೊನೆಯ ವರ್ಷದ ಪರೀಕ್ಷೆಗೆ ಹನ್ನೆರಡು ಅಡಿ ಉದ್ದದ ಕ್ಯಾನ್ವಾಸ್ ಬಿಗಿದು, ಈ ಸಲ ಹಾಡುವವರ ಎದುರು ಕೂತೇ ಬಿಡಿಸುವುದೆಂದು ಕೊಡ್ಲಿ ಊರಿನ ಚನ್ನು ಕಾಕಾನಿಗೆ ಗಂಟುಬಿದ್ದೆ. ಭಜನೆಯಲ್ಲಿ ಹಾರ್ಮೋನಿಯಂ ಹಿಡಿದು ಹಾಡುವವನು ಅವನೇ.

"ಸುಮ್ಮ ಕೂತು ಹಾಡಂದ್ರ ಹೆಂಗ ಹಾಡ್ಲೋ ಕಾಶ್ಯಾ? ಖರೇ ದನಿ ಬೇಕಂದ್ರ ಸತ್ತ ಮನಿಗೆ ಬಾ," ಎಂದ.

ವಾರದಲ್ಲಿ ಆ ಊರಿನ ಮಡಿವಾಳಯ್ಯ ತೀರಿಕೊಂಡರು. ಹೋದೆ.

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಅದಕ್ಕೆ ಮುಖ ಮಾಡಿ ಭಜನೆ ಕೂಡುತ್ತದೆ. ಹಾಡುವವರ ಮುಖ ಕಾಣಬೇಕೆಂದರೆ ಹೆಣದ ಪಕ್ಕದಲ್ಲೇ ಕೂಡಬೇಕು. ಕೂತೆ. ಯಾರೋ ನನ್ನ ಹಣೆಗೂ ವಿಭೂತಿ ಎಳೆದರು.

"ನನ್ನ ಹೊಟ್ಟಿ ಸಣ್ಣದು ಮಾಡಿ ತೆಗಿ ಮತ್ತ," ಎಂದು ಕಾಕಾ ಮೆಲ್ಲಗೆ ಹೇಳಿ ಹಾಡು ಎತ್ತಿಕೊಂಡ.

ಮೂರು ತಾಸು ಇದ್ದಿಲಿನಲ್ಲಿ ಬಿಡಿಸಿದೆ. ತಾಳದವನು, ತಬಲಾದವನು, ಹಿಂದಿನಿಂದ ದನಿಗೂಡಿಸುವವರು ಎಲ್ಲ ಸಿಕ್ಕರು. ಕಾಕಾನ ಮುಖ ಮಾತ್ರ ಸಿಗಲಿಲ್ಲ. ವಾಡಿ ಊರಿನಲ್ಲಿದ್ದ ಮಡಿವಾಳಯ್ಯನವರ ಮಗಳು ದಾನೇಶ್ವರಿಗಾಗಿ ಮನೆಯವರು ಕಾಯುತ್ತಿದ್ದರು. ಎರಡು ಬಸ್ ಬದಲಿಸಿ ಅವಳು ಬಂದಾಗ ಬಿಸಿಲು ಇಳಿಯುತ್ತಿತ್ತು.

"ಮಗಳು ಬಂದ್ಲು. ಇನ್ನೊಂದು ಪದ ಹಾಡ್ರಿ, ಎತ್ತಿಬಿಡೋಣ," ಎಂದರು ಹಿರಿಯರು.

ಅವಳು ಅಪ್ಪನ ಮುಂದೆ ಮಂಡಿಯೂರಿ, ಗದ್ದ ಮುಟ್ಟಲು ಕೈ ಚಾಚಿದಳು. ಅದೇ ಹೊತ್ತಿಗೆ ಕಾಕಾನ ದನಿ ಮೇಲೇರಿತು. ಕಣ್ಣು ಮುಚ್ಚಿತು, ಕೊರಳು ಬಿಗಿಯಿತು. ನನಗೆ ಬೇಕಾಗಿದ್ದದ್ದು ಅದೇ ಮುಖ. ನಡುವೆ ಅವಳ ತಲೆ ಅಡ್ಡ ಇತ್ತು.

"ಅಕ್ಕಾರ, ಆ ಕಡಿ ಸರೀರಿ," ಎಂದೆ.

ಅವಳು ನನ್ನ ಹಣೆ ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡು, ಹೋಗಿ ಬಾಗಿಲ ಮೂಲೆಯಲ್ಲಿ ಕೂತಳು. ನಾನು ಬಿಡಿಸಿದೆ. ಪದ ಮುಗಿಯಿತು, ಗಂಡಸರು ಹೆಣ ಎತ್ತಿದರು. ಅವಳು ಹಿಂದೆ ಓಡುವಾಗ ನಾನು ಹಾಳೆಯ ಮೇಲಿನ ಪುಡಿ ಊದುತ್ತಿದ್ದೆ.

ಆ ಹಾಳೆಗಳಿಗೆ ಚೌಕಳಿ ಎಳೆದು, ಚೌಕ ಚೌಕವಾಗಿ ದೊಡ್ಡದು ಮಾಡುತ್ತ ಎರಡು ತಿಂಗಳಲ್ಲಿ ಕ್ಯಾನ್ವಾಸ್ ತುಂಬಿಸಿದೆ. ಸರ್ ಈ ಸಲ ನಗಲಿಲ್ಲ. ಮೊದಲ ಸ್ಥಾನ ಬಂತು. ಶಹಾಬಾದಿನಲ್ಲಿ ಚಿತ್ರವನ್ನು ಪ್ರದರ್ಶನಕ್ಕೆ ಇಟ್ಟಾಗ ಕಾಕಾ ದಾನೇಶ್ವರಿಯನ್ನೂ ಕರೆದುಕೊಂಡು ಬಂದ. ಅವಳು ಚಿತ್ರದ ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ನಡೆದಳು.

"ನಮ್ಮಪ್ಪ ಎಲ್ಲಿದಾನ್ರಿ?"

"ಇದರಾಗ ಇಲ್ರಿ. ನಾ ಅವರ ಬಾಜೂಕ ಕುಂತಿದ್ದೆ."

ಆಗ ಗುರುತು ಹಿಡಿದಳು. "ಸರೀರಿ ಅಂದವರು ನೀವ ಅಲ್ರಿ? ನಾ ಮಠದ ಅಯ್ಯನೋರು ಅನ್ಕೊಂಡಿದ್ದೆ. ಆ ಹೊತ್ತಿನಾಗ ಮುಟ್ಟಬಾರದಂತ ಏನೋ ಶಾಸ್ತ್ರ ಇರಬೇಕಂತ ಸುಮ್ಮನಾದೆ. ಇತ್ತಲ್ರಿ?"

ನಿಜ ಹೇಳಬಹುದಿತ್ತು. ಸುತ್ತ ಜನ ನಿಂತಿದ್ದರು, ಸರ್ ಕೂಡ.

"ಹೌದ್ರಿ, ಶಾಸ್ತ್ರ," ಎಂದೆ.

"ಹಂಗಾದ್ರ ಆತ್ರಿ," ಎಂದು ಅವಳು ನನಗೆ ಕೈಮುಗಿದಳು.

ಅವಳು ಹೊರಗೆ ಹೋದ ಮೇಲೆ, ಆ ಕೊನೆಯ ಪದ ಎಷ್ಟು ಹೊತ್ತಿನದೆಂದು ಕಾಕಾನನ್ನು ಕೇಳಿದೆ.

"ಎಳದು ಹಾಡಿದ್ರ ಎಂಟು ನಿಮಿಷ. ಯಾಕೋ?"

ಅಪ್ಪನ ಜೊತೆ ಅವಳಿಗೆ ಉಳಿದಿದ್ದದ್ದು ಆ ಪದ ಮುಗಿಯುವವರೆಗಿನ ಹೊತ್ತು. ಅವಳು ಕಳೆದುಕೊಂಡದ್ದು ಎಂಟು ನಿಮಿಷ.